ನುಡಿಸುವವನನ್ನು ಕೇಳದೆ ಕೊಂಡ ಗಿಟಾರು

ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕ ಕಟ್ಟುವ ಕ್ರಮವನ್ನು ಅರಿಯದವರಿಗೆ ಈ ಸಂಗತಿ ಅರ್ಥವಾಗದು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಕೃಷ್ಣರಾಜಪೇಟೆಯಿಂದ ನಾಗಮಂಗಲದವರೆಗೆ ಯಾವ ಊರಿನಲ್ಲಿ ನಾಟಕವಾಡಿದರೂ ಪಾತ್ರಗಳನ್ನು ಕಂಠ ನೋಡಿ ಹಂಚುವುದಿಲ್ಲ. ಪಾತ್ರಕ್ಕೆ ಇಷ್ಟೆಂದು ವಂತಿಗೆ ಗೊತ್ತುಮಾಡುತ್ತಾರೆ. ಕಿರೀಟವೂ ಗದೆಯೂ ಉಳ್ಳ ರಾಜನ ಪಾತ್ರಕ್ಕೆ ಹೆಚ್ಚು, ದೂತನ ಪಾತ್ರಕ್ಕೆ ಕಡಿಮೆ. ಹೆಚ್ಚು ಕೊಟ್ಟವನು ರಾಜ. ಆ ರಾಜನಿಗೆ ಹಾಡಲು ಬಾರದಿದ್ದರೂ ಚಿಂತೆಯಿಲ್ಲ. ರಂಗದ ಪಕ್ಕದಲ್ಲಿ ಕುಳಿತ ಹಾರ್ಮೋನಿಯಂ ಮೇಷ್ಟ್ರು ಹಾಡುತ್ತಾರೆ, ರಾಜ ಬಾಯಿ ಆಡಿಸುತ್ತಾನೆ. ನೋಡುವವರೆಲ್ಲರೂ ಇದನ್ನು ಬಲ್ಲರು. ಬಲ್ಲವರೇ ಶಿಳ್ಳೆ ಹಾಕುತ್ತಾರೆ.

ಶೀಳನೆರೆ ಹೋಬಳಿಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಹೆಸರು ಶ್ರೀನಿವಾಸಮೂರ್ತಿ, ಶ್ರೀರಂಗಪಟ್ಟಣದವನು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವುದು ಕಳವು ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದವನು. ಆದರೆ ಪ್ರತಿ ವರ್ಷವೂ ಊರಿನ ನಾಟಕಕ್ಕೆ ಮುನ್ನುಡಿಯ ಭಾಷಣ ಮಾಡುತ್ತಿದ್ದವನೂ ನಾನೇ. ಬಾಯಿ ಆಡಿಸುವ ರಾಜನ ಮುಂದೆ ನಿಂತು ಕಲೆಯ ಮಹಿಮೆಯನ್ನು ಕುರಿತು ಮಾತನಾಡುವಾಗ ನನಗೆ ಒಮ್ಮೆಯೂ ನಾಚಿಕೆಯಾಗಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಊರಿನ ಯುವಕ ಸಂಘದವರು ತಮ್ಮದೇ ವಾದ್ಯಗೋಷ್ಠಿ ಕಟ್ಟಲು ಹೊರಟರು. ತಬಲವಿತ್ತು, ಕೀಬೋರ್ಡ್ ಇತ್ತು. ಇಲ್ಲದ್ದು ಎಲೆಕ್ಟ್ರಿಕ್ ಗಿಟಾರು. ನುಡಿಸುವವನು ಮಾತ್ರ ಊರಲ್ಲೇ ಇದ್ದ. ಡೈರಿಗೆ ಹಾಲು ಹಾಕಿ ಮನೆ ನಡೆಸುವ ಚಿಕ್ಕಬೋರಮ್ಮನ ಮಗ ನಿಂಗರಾಜು, ಇಪ್ಪತ್ತನಾಲ್ಕು ವರ್ಷದವನು. ಶ್ರೀರಂಗಪಟ್ಟಣದ ಶಿವಲಿಂಗಯ್ಯ ಎಂಬವರ ಆರ್ಕೆಸ್ಟ್ರಾದಲ್ಲಿ ಎರಡು ವರ್ಷ ಸ್ಪೀಕರ್ ಪೆಟ್ಟಿಗೆ ಹೊರುವ ಕೆಲಸಕ್ಕಿದ್ದ. ಬಿಡುವಿನಲ್ಲಿ ಅಲ್ಲಿಯ ಗಿಟಾರ್ ವಾದಕನ ಕಾಲು ಹಿಡಿದು ಕಲಿತ. ಆ ವಾದಕ ಕೆಲಸ ಬಿಟ್ಟು, ತನ್ನ ಗಿಟಾರನ್ನೂ ಒಯ್ದ. ಶಿವಲಿಂಗಯ್ಯ ನಿಂಗರಾಜುವಿಗೆ ಹೇಳಿದರಂತೆ: "ಕೈಯೇನೋ ಅದೆ ಕಣ್ಲಾ ನಿಂಗೆ, ವಾದ್ಯ ಇಲ್ಲ. ಸಂಕ್ರಾಂತಿ ಕಳುದ್ಮೇಲೆ ಮದ್ವೆ ಸೀಜನ್ನು. ಅಷ್ಟ್ರೊಳ್ಗೆ ಸ್ವಂತ ಗಿಟಾರ್ ತಂದ್ರೆ ಜಾಗ ನಿಂದು. ಇಲ್ದಿದ್ರೆ ಇನ್ನೊಬ್ರುನ್ನ ನೋಡ್ಕತೀನಿ."

ಸಂಘಕ್ಕೆ ಗಿಟಾರು ಬೇಕಿತ್ತು. ನಿಂಗರಾಜುವಿಗೆ ಬದುಕು ಬೇಕಿತ್ತು. ಊರಿನ ಕಾರ್ಯಕ್ರಮಗಳಿಗೆ ಅವನು ಸಂಭಾವನೆಯಿಲ್ಲದೆ ನುಡಿಸುವುದು, ಉಳಿದ ದಿನ ಗಿಟಾರು ಅವನ ದುಡಿಮೆಗೆ ಇರುವುದು ಎಂದು ಒಪ್ಪಂದವಾಯಿತು. ಸಂಘದ ಕಾರ್ಯದರ್ಶಿಯಾದ ನಾನೇ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದೆ. ಐವತ್ತೆರಡು ಮನೆಗಳವರು ಕೊಟ್ಟರು. ಹಾಲಿನ ಬಟವಾಡೆಯ ದಿನ ಡೈರಿಯ ಮುಂದೆ ನಿಂತಾಗ ಕುಳ್ಳಮ್ಮ ಸೆರಗಿನ ಗಂಟು ಬಿಚ್ಚುತ್ತಾ, "ನನ್ನೆಮ್ಮೆ ಕೊಟ್ಟ ದುಡ್ಡು ಕಣ್ ಮೇಷ್ಟ್ರೇ. ಆ ಗಿಟಾರು ಎಮ್ಮೆ ಅಂಗೆ ಅರಚುದ್ರೆ ವಾಪಸ್ ಈಸ್ಕತೀನಿ," ಎಂದಳು. ಕೊನೆಗೆ ಅಕ್ಕಿ ಗಿರಣಿಯ ಚಲುವಯ್ಯನವರು ಆ ಐವತ್ತೆರಡು ಮನೆಗಳೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟರು. ಪ್ರತಿ ನಾಟಕದಲ್ಲೂ ರಾಜನಾಗುತ್ತಿದ್ದವರು ಅವರೇ.

ಕೊಳ್ಳಲು ನಾವು ಮೈಸೂರಿಗೆ ಹೋದೆವು: ಚಲುವಯ್ಯ, ಪಿಯುಸಿ ಓದುತ್ತಿದ್ದ ಅವರ ಮಗ ಕಿಶನ್, ನಿಂಗರಾಜು, ನಾನು. ಅಂಗಡಿಯವನು ಎರಡು ಗಿಟಾರುಗಳನ್ನು ಇಳಿಸಿದ. ಒಂದು ಕಲ್ಕತ್ತೆಯಲ್ಲಿ ತಯಾರಾದದ್ದು. ಕಂದು ಬಣ್ಣ, ಯಾವ ಅಲಂಕಾರವೂ ಇಲ್ಲ. ಇನ್ನೊಂದು ಹೊರದೇಶದ್ದು, ಕಡುಗೆಂಪು, ಎರಡು ಚೂಪು ಕೊಂಬು, ಮೈಮೇಲೆ ಮಿಂಚಿನ ಗೆರೆ, ತಂತಿಗಳನ್ನು ಅಲುಗಾಡಿಸಲು ಕೆಳಗೊಂದು ಹಿಡಿಕೆ. ಬೆಲೆ ಮೊದಲನೆಯದರ ಎರಡರಷ್ಟಕ್ಕೂ ಮೇಲು.

ನಿಂಗರಾಜು ಮೊದಲು ಕಂದು ಗಿಟಾರನ್ನು ಎತ್ತಿಕೊಂಡ. ಒಂದು ಕಣ್ಣು ಮುಚ್ಚಿ, ಅದರ ಕತ್ತಿನುದ್ದಕ್ಕೂ ದೃಷ್ಟಿ ಹಾಯಿಸಿ ಮರ ಬಾಗಿದೆಯೇ ಎಂದು ನೋಡಿದ. ಒಂದೊಂದು ಮೆಟ್ಟನ್ನೂ ಒತ್ತಿ ನುಡಿಸಿ, ಎಲ್ಲಿಯಾದರೂ ತಂತಿ ಗೊರಗುಟ್ಟುವುದೇ ಎಂದು ಆಲಿಸಿದ. ತಂತಿಯನ್ನು ಒತ್ತದೆ ಮೀಟಿದ, ಆಮೇಲೆ ನಟ್ಟನಡುವೆ ಒತ್ತಿ ಮೀಟಿದ. ಎರಡು ಸ್ವರಗಳೂ ಒಂದಕ್ಕೊಂದು ಕೂಡಿದವು. ಬಳಿಕ ಆಂಪ್ಲಿಫೈಯರಿಗೆ ಜೋಡಿಸಿ ಮೈಮೇಲಿನ ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ಸರಿಸಿದ. ಒಂದರಲ್ಲಿ ನಾದ ದುಂಡಗೆ, ದೇವರನಾಮಕ್ಕೆ ಒಪ್ಪುವಂತೆ. ಇನ್ನೊಂದರಲ್ಲಿ ತೆಳುವಾಗಿ, ಗಂಟೆಯಂತೆ. ಕೊನೆಯದರಲ್ಲಿ ಸಿನಿಮಾ ಹಾಡಿನ ಗಡುಸು. ನನ್ನ ತಾಯಿ ಭಾಗೀರಥಮ್ಮ ವೀಣೆ ನುಡಿಸುತ್ತಿದ್ದವರು. ಶ್ರುತಿಯೆಂದರೇನೆಂದು ನನ್ನ ಕಿವಿ ಬಲ್ಲದು. ಅದು ಒಳ್ಳೆಯ ವಾದ್ಯವೆಂದು ನನಗೆ ಸಂದೇಹವೇ ಉಳಿಯಲಿಲ್ಲ.

ಕೆಂಪು ಗಿಟಾರನ್ನು ನುಡಿಸಿದಾಗ ಮೊದಲಿಗೆ ಸೊಗಸಾಗಿಯೇ ಕೇಳಿತು. ಹಿಡಿಕೆಯನ್ನು ಎರಡು ಬಾರಿ ಅಲುಗಿಸಿದ್ದೇ ತಡ, ಆರು ತಂತಿಗಳೂ ಶ್ರುತಿ ಬಿಟ್ಟು ಇಳಿದವು. ಸ್ವಿಚ್ಚನ್ನು ಎತ್ತ ಸರಿಸಿದರೂ ಅದೇ ಒಂದು ಕಿರುಚು.

"ಅಣ್ಣ, ಕಂದುದೇ ಸರಿ," ಎಂದ ನಿಂಗರಾಜು. "ಮದ್ವೆ ಮನೇಲಿ ಮೊದ್ಲು ದೇವರ್ನಾಮ, ಆಮೇಲೆ ಭಾವಗೀತೆ, ಊಟದೊತ್ಗೆ ಸಿನ್ಮಾ ಆಡು. ಒಂದ್ರಲ್ಲೇ ಎಲ್ಲಾ ಬರ್ಬೇಕು. ಇದ್ರಲ್ಲಿ ಬತ್ತದೆ. ಕೆಂಪುದ್ರಲ್ಲಿ ಬರಲ್ಲ."

ಚಲುವಯ್ಯ ನಕ್ಕರು. "ಲೇ ನಿಂಗ, ಇದೇನ್ಲಾ, ನೊಗದ ಮರ ಇದ್ದಂಗದೆ! ಸ್ಟೇಜ್ ಮೇಲೆ ಇದುನ್ನ ಇಡ್ಕಂಡ್ ನಿಂತ್ರೆ ಉಳಕ್ಕೆ ಒಂಟವ್ನೆ ಅಂತಾರೆ. ನಮ್ಮೂರಿಗೊಂದು ಮರ್ವಾದೆ ಬ್ಯಾಡ್ವಾ? ಏನ್ ಮೇಷ್ಟ್ರೇ, ಓದ್ದೋರು ನೀವು, ನೀವೇಳಿ."

ಆ ಕ್ಷಣವನ್ನು ನಾನು ಇಂದಿಗೂ ಮರೆತಿಲ್ಲ. ನನ್ನ ಕೈಚೀಲದಲ್ಲಿ ಎರಡು ಲಕೋಟೆಗಳಿದ್ದವು: ಒಂದು ಚಲುವಯ್ಯನವರದು, ಇನ್ನೊಂದು ಐವತ್ತೆರಡು ಮನೆಗಳದು. ಕಂದು ಗಿಟಾರಿನ ಬೆಲೆಗೆ ಆ ಎರಡನೆಯ ಲಕೋಟೆಯೊಂದೇ ಸಾಕಾಗಿತ್ತು. ಚಲುವಯ್ಯನವರ ಹಣದ ಅಗತ್ಯವೇ ಇರಲಿಲ್ಲ. "ಅಯ್ಯಾ, ನಿಮ್ಮದನ್ನು ನೀವು ಇಟ್ಟುಕೊಳ್ಳಿ, ಬಡವರ ದುಡ್ಡಿನಲ್ಲಿ ಒಳ್ಳೆಯದೇ ಬರುತ್ತದೆ" ಎಂಬ ಒಂದು ವಾಕ್ಯ ಸಾಕಿತ್ತು. ಆ ವಾಕ್ಯದ ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ನನಗೆ ಗೊತ್ತಿದ್ದವು. ಆದರೆ ಶಾಲೆಯ ಬೆಂಚುಗಳನ್ನು ಮಾಡಿಸಿಕೊಟ್ಟವರು ಅವರು. ಹೆಚ್ಚು ಕೊಟ್ಟವನ ಮಾತೇ ನಡೆಯಬೇಕೆಂಬುದು ಊರಿನ ರೂಢಿ. ನಾನು ಗಂಟಲು ಸರಿಮಾಡಿಕೊಂಡು, "ಎರಡೂ ಚೆನ್ನಾಗಿವೆ," ಎಂದೆ.

ಕೆಂಪು ಗಿಟಾರು ಊರಿಗೆ ಬಂತು.

ಎರಡು ದಿನಗಳ ಮೇಲೆ ರೂಢಿಯ ಮುಂದಿನ ಭಾಗವೂ ತಾನಾಗಿಯೇ ಬಂತು. ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಶಾಲೆಯ ಬಯಲಿನಲ್ಲಿ ಗೋಷ್ಠಿಯ ಮೊದಲ ಕಾರ್ಯಕ್ರಮ. ಗಿಟಾರು ಹಿಡಿದು ನಿಲ್ಲುವವನು ಕಿಶನ್ ಎಂದರು ಚಲುವಯ್ಯ. ಕಿಶನ್‌ಗೆ ಸರಿಗಮವೂ ಬಾರದು. ಪಾಂಡವಪುರದಿಂದ ಒಂದು ಹಳೆಯ ಗಿಟಾರನ್ನು ಬಾಡಿಗೆಗೆ ತಂದು, ನಿಂಗರಾಜು ಪರದೆಯ ಹಿಂದೆ ಕುಳಿತು ನುಡಿಸುವುದು; ಮುಂದೆ ಕಿಶನ್ ಬೆರಳು ಆಡಿಸುವುದು. ಯಾರೂ ಆಶ್ಚರ್ಯಪಡಲಿಲ್ಲ. ಹಾರ್ಮೋನಿಯಂ ಮೇಷ್ಟ್ರಿಗೂ ರಾಜನಿಗೂ ನಡೆದುಬಂದ ಏರ್ಪಾಡೇ ಅಲ್ಲವೇ ಇದು! ನಿಂಗರಾಜುವೂ ತಲೆಯಾಡಿಸಿದನೆಂದು ಕೇಳಿದೆ. ಯಾಕೆ ಒಪ್ಪಿದೆಯೆಂದು ನಾನು ವಿಚಾರಿಸಲಿಲ್ಲ. ಬಡವ, ಹೆದರಿದ್ದಾನೆ ಎಂದು ನಾನೇ ತೀರ್ಮಾನಿಸಿದೆ. ನನ್ನ ಒಳಗೆ ಕೋಪ ಕುದಿಯುತ್ತಿತ್ತು. ಅಂಗಡಿಯಲ್ಲಿ ನುಂಗಿದ ಮಾತೇ ಕೋಪವಾಗಿ ಮೇಲೆದ್ದಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ.

ರಾಜ್ಯೋತ್ಸವದ ಸಂಜೆ ಬಯಲು ತುಂಬಿತ್ತು. ನಿರೂಪಣೆ ನನ್ನದು. ಕೈಗೆ ಬಂದ ಚೀಟಿಯಲ್ಲಿ "ಗಿಟಾರ್ ವಾದನ: ಚಿರಂಜೀವಿ ಕಿಶನ್" ಎಂದು ಬರೆದಿತ್ತು. ಮೊದಲ ಹಾಡು ಆರಂಭವಾಯಿತು. ಪರದೆಯ ಹಿಂದಿನಿಂದ ನಾದ ಹರಿದುಬಂದಂತೆ ಜನ ತಲೆದೂಗಿದರು, ಕಿಶನ್‌ನತ್ತ ಕೈ ತೋರಿಸಿ ಭಲೇ ಎಂದರು. ಚಿಕ್ಕಬೋರಮ್ಮ ಹೆಂಗಸರ ಸಾಲಿನಲ್ಲಿ ಕುಳಿತು, ಮುಂದೆ ನಿಂತ ಕಿಶನ್‌ನನ್ನಲ್ಲ, ಪರದೆಯನ್ನು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹಾಡಿನ ನಡುವೆಯೇ ಮೈಕನ್ನು ಹಿಡಿದೆ.

"ಸಭಿಕರೇ, ನಿಮ್ಮನ್ನು ವಂಚಿಸಲಾಗುತ್ತಿದೆ. ನೀವು ಕೇಳುತ್ತಿರುವ ವಾದನ ನಿಂಗರಾಜುವಿನದು. ಅವನು ಪರದೆಯ ಹಿಂದಿದ್ದಾನೆ. ಮುಂದೆ ನಿಂತಿರುವವನ ಗಿಟಾರಿಗೆ ವೈರನ್ನೇ ಜೋಡಿಸಿಲ್ಲ!"

ಹಿಂದಿನಿಂದ ಯಾರೋ "ಲೇ ಕಿಶ್ನಾ, ಬೆರಳ್ ನೋವಾತದೆ, ಜ್ವಾಪಾನ ಕಣ್ಲಾ!" ಎಂದು ಕೂಗಿದರು. ಇಡೀ ಬಯಲು ನಕ್ಕಿತು. ಕಿಶನ್‌ನ ಕೈ ನಿಂತುಹೋಯಿತು. ಅವನು ನನ್ನ ಶಿಷ್ಯ. ಹತ್ತನೆಯ ತರಗತಿಯವರೆಗೆ ನನ್ನ ಮುಂದಿನ ಬೆಂಚಿನಲ್ಲಿ ಕುಳಿತವನು. ಅವನು ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸಲಾರೆ. ಪರದೆಯ ಹಿಂದಿನ ನಾದವೂ ನಿಂತಿತು. ಚಲುವಯ್ಯ ವೇದಿಕೆಗೆ ಬಂದು ಮಗನ ಕೊರಳಿನಿಂದ ಗಿಟಾರನ್ನು ತೆಗೆದು ತಮ್ಮ ಶಲ್ಯದಲ್ಲಿ ಸುತ್ತಿದರು.

"ಸತ್ಯ ಏಳುದ್ರಿ ಮೇಷ್ಟ್ರೇ, ಸಂತೋಷ," ಎಂದರು, ದನಿ ಏರಿಸದೆ. "ಇನ್ಮೇಲೆ ಇದು ನಮ್ಮನೇಲಿರ್ತದೆ."

ಮರುದಿನ ಬೆಳಿಗ್ಗೆ ಚಿಕ್ಕಬೋರಮ್ಮನ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ಕೃತಜ್ಞತೆಯನ್ನು ನಿರೀಕ್ಷಿಸಿಯೇ ಹೋದೆ. ನಿಂಗರಾಜು ಜಗಲಿಯಲ್ಲಿ ಬಾಡಿಗೆ ಗಿಟಾರಿನ ವೈರನ್ನು ಸುತ್ತುತ್ತಿದ್ದ. ಎದ್ದು ನಿಂತ, ಕುಳಿತುಕೊಳ್ಳಿ ಎನ್ನಲಿಲ್ಲ.

"ಮೇಷ್ಟ್ರೇ, ನನ್ನ ಒಂದ್ ಮಾತು ಕೇಳುದ್ರಾ?"

"ನಿನಗೆ ಅನ್ಯಾಯವಾಗುತ್ತಿತ್ತಲ್ಲಪ್ಪ!"

"ಅದು ನಂಗೊತ್ತಿರ್ನಿಲ್ವಾ? ಅನ್ಯಾಯ ಆಗ್ತಿದ್ದುದ್ದು ನಂಗೆ. ಎಷ್ಟೊತ್ತು ತಡ್ಕಬೇಕು ಅಂತ ನಾನು ತೀರ್ಮಾನ ಮಾಡಿದ್ದೆ. ಒಂದ್ ಸಂಜೆ ಪರದೆ ಇಂದೆ ಕೂತ್ಕಳ್ಳೋದು. ಆಮೇಲೆ ಸೀಜನ್ ಪೂರ್ತಿ ಆ ಗಿಟಾರ್ ನನ್ನತ್ರ ಇರ್ಲಿ ಅಂತ ಚಲುವಯ್ಯಣ್ಣ ಒಪ್ಕಂಡಿದ್ರು. ಕೆಟ್ಟುದ್ದೋ ಒಳ್ಳೆದೋ, ಒಂದಿರ್ತಿತ್ತು. ಈಗ ಅದೂ ಇಲ್ಲ. ಸಂಕ್ರಾಂತಿಗೆ ನಾನೇನ್ ತಕ್ಕಂಡೋಗ್ಲಿ, ನಿಮ್ ಭಾಷಣನಾ?"

ಚಿಕ್ಕಬೋರಮ್ಮ ಒಳಗಿನಿಂದ ಮಜ್ಜಿಗೆಯ ಲೋಟ ತಂದು ಮುಂದಿಟ್ಟಳು. ಉಪಚಾರದಲ್ಲಿ ಕೊರತೆಯಿರಲಿಲ್ಲ.

"ಒಂದ್ ಕೇಳ್ತೀನಿ ಸ್ವಾಮಿ, ತಪ್ ತಿಳ್ಕಬ್ಯಾಡಿ. ಕಂದು ಗಿಟಾರೇ ಚೆಂದಾಗಿತ್ತು ಅಂತ ಇವ್ನು ಬಂದ್ ಏಳ್ದ. ಅಂಗಡೀಲಿ ನೀವ್ಯಾಕೆ ಸುಮ್ಕಿದ್ರಿ? ಅಲ್ಲಿ ಒಂದ್ ಮಾತಾಡಿದ್ರೆ ಕೆಲ್ಸ ಆಗೋದು. ಅಲ್ಲಿ ಬಾಯಿ ಬರ್ನಿಲ್ಲ. ಇಲ್ಲಿ ಮೈಕ್ ಇತ್ತು, ಜನ ಇದ್ರು, ಬಾಯಿ ಬಂತು."

ಓದುಬರಹವಿಲ್ಲದ ಆ ಹೆಂಗಸು ನನ್ನ ಇಪ್ಪತ್ತಾರು ವರ್ಷದ ನೀತಿಬೋಧೆಯನ್ನು ಜಗಲಿಯ ಮೇಲೆ ಹರಡಿ, ತೂತು ಎಲ್ಲಿದೆಯೆಂದು ತೋರಿಸಿಬಿಟ್ಟಳು. ವಂಚನೆಯನ್ನು ಬಯಲಿಗೆಳೆದದ್ದು ತಪ್ಪೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಹಣ ಕೊಟ್ಟವನು ಇನ್ನೊಬ್ಬನ ವಿದ್ಯೆಯನ್ನು ತನ್ನದೆಂದು ಮೆರೆಯಿಸುವುದು ಕಳವು. ಅದಕ್ಕೆ ರೂಢಿಯೆಂಬ ಶಾಲು ಹೊದಿಸಿದರೂ ಕಳವೇ. ಆದರೆ ಸತ್ಯ ಹೇಳುವುದಕ್ಕೆ ಸಲ್ಲುವ ಬೆಲೆಯನ್ನು ಹೇಳುವವನು ತೆರಬೇಕು. ನಾನು ಹೇಳಿದ ಸತ್ಯಕ್ಕೆ ಬೆಲೆ ತೆತ್ತವರು ಒಬ್ಬ ಹಾಲಿನವಳ ಮಗ ಮತ್ತು ಹದಿನೇಳು ವರ್ಷದ ಒಬ್ಬ ಹುಡುಗ. ನನ್ನ ಸಂಬಳ ತಿಂಗಳ ಒಂದನೆಯ ತಾರೀಖು ತಪ್ಪದೆ ಬಂದಿತ್ತು.

ಆ ಭಾನುವಾರ ಶಾಲೆಯ ಪಡಸಾಲೆಯಲ್ಲಿ ಸಭೆ ಕರೆದೆ. ಹಣ ಕೊಟ್ಟ ಎಲ್ಲ ಮನೆಗಳವರನ್ನೂ ಬರಹೇಳಿದೆ. ಚಲುವಯ್ಯನವರೂ ಬಂದು ಕಂಬಕ್ಕೆ ಒರಗಿ ಕುಳಿತರು. ನಾನು ಎದ್ದು ನಿಂತು ಅಂಗಡಿಯಲ್ಲಿ ನಡೆದದ್ದನ್ನು ಇದ್ದಂತೆ ಹೇಳಿದೆ. ಐವತ್ತೆರಡು ಮನೆಗಳ ಹಣದಲ್ಲೇ ಒಳ್ಳೆಯ ಗಿಟಾರು ಬರುತ್ತಿತ್ತೆಂಬುದನ್ನೂ, ಅದು ಗೊತ್ತಿದ್ದೂ ನಾನು ಅಂಜಿ ಬಾಯಿ ಮುಚ್ಚಿಕೊಂಡೆನೆಂಬುದನ್ನೂ ಹೇಳಿದೆ. ಕಿಶನ್‌ನನ್ನು ಜನರ ಮುಂದೆ ಅವಮಾನಿಸಿದ್ದಕ್ಕೆ ಅವನ ತಂದೆಯಲ್ಲಿ ಕ್ಷಮೆ ಕೇಳಿದೆ. ಕಾರ್ಯದರ್ಶಿಯ ಸ್ಥಾನವನ್ನು ಬಿಟ್ಟೆ.

ಕುಳ್ಳಮ್ಮ ಎದ್ದಳು.

"ಅಲ್ಲ ಕಣ್ ಚಲುವಯ್ಯಣ್ಣ, ನಿಮ್ ದುಡ್ಡು ನಿಮ್ ಗ್ವಾಡೆ ಮ್ಯಾಲೆ ನೇತಾಡ್ಲಿ, ಬ್ಯಾಡ ಅನ್ನಾಕಿಲ್ಲ. ಅದ್ರೊಳ್ಗೆ ನನ್ನೆಮ್ಮೆ ದುಡ್ಡೂ ನೇತಾಡ್ತಾ ಅದಲ್ಲ, ಅದ್ಕೆ ಮೇವು ಯಾರ್ ಆಕ್ತಾರೆ? ನೀವಾ?"

ಸಭೆಯಲ್ಲಿ ನಗೆ ಎದ್ದಿತು. ಚಲುವಯ್ಯನವರ ಮುಖ ಕೆಂಪಾಯಿತು.

"ಏನ್ ಕುಳ್ಳಕ್ಕ, ನಿನ್ನೆಮ್ಮೆ ದುಡ್ಡು ತಿಂದು ಬದುಕ್ತಿಲ್ಲ ಕಣಮ್ಮಿ ನಾನು! ಐವತ್ತೆರಡು ಮನೇದೂ ನಾಳಿಕ್ ತಕ್ಕಂಡೋಗಿ. ಗಿಟಾರು ಪೂರ್ತಿ ನಂದೇ ಆಗ್ಲಿ. ಯಾರ್ ಋಣಾನೂ ಬ್ಯಾಡ ನಂಗೆ."

ಮರುದಿನ ಅಂತೆಯೇ ಕೊಟ್ಟರು. ಆ ಮನುಷ್ಯನ ಅಭಿಮಾನವನ್ನು ನಾನು ನಿಂದಿಸಲಾರೆ. ಅದು ಅವರಿಂದ ಆ ಒಂದು ದಿನ ನ್ಯಾಯ ಮಾಡಿಸಿತು. ಆದರೆ ಹಣ ಮರಳಿದೊಡನೆ ಊರಿನಲ್ಲಿ ಬೇರೆ ಮಾತು ಹುಟ್ಟಿತು. ನರಸಯ್ಯ ಎಂಬ ಹಿರಿಯರು ಅದರಲ್ಲಿ ಗುಡಿಗೆ ಧ್ವನಿವರ್ಧಕ ತರೋಣವೆಂದರು. ಒಂದೂವರೆ ತಿಂಗಳು ಹಾಗೆಯೇ ಕಳೆಯಿತು. ಯಾರ ಪರವಾಗಿಯೂ ನಾನು ಬಾಯಿ ತೆರೆಯಲಿಲ್ಲ, ಕಾರ್ಯದರ್ಶಿಯೂ ಆಗಿರಲಿಲ್ಲ. ಡಿಸೆಂಬರಿನ ಕೊನೆಯಲ್ಲಿ ನಿಂಗರಾಜು ತಾನೇ ಮನೆಮನೆಗೆ ಹೋದ. ಜಗಲಿಗಳಲ್ಲಿ ನಿಂತು ಅವನು ಹೇಳಿದ್ದು ಇಷ್ಟು: "ಬ್ಯಾರೆ ಗಿಟಾರ್ ತರಣ, ಅದು ಸಂಘದ್ದೇ. ಊರ್ ಕೆಲ್ಸಕ್ಕೆ ಯಾವತ್ತು ಕರುದ್ರೂ ಬತ್ತೀನಿ. ಆದ್ರೆ ಆರ್ಸೋದು ನಾನು, ನುಡ್ಸೋದು ನಾನು. ಒಪ್ಕಂಡ್ರೆ ಕೊಡಿ." ನಲವತ್ತೊಂದು ಮನೆಗಳವರು ಒಪ್ಪಿದರು. ಹನ್ನೊಂದು ಮನೆಗಳವರು ಒಪ್ಪಲಿಲ್ಲ.

ಕಡಿಮೆಯಾದುದನ್ನು ನಾನು ತುಂಬಿಕೊಡುತ್ತೇನೆಂದೆ.

"ಬ್ಯಾಡಿ ಮೇಷ್ಟ್ರೇ," ಎಂದ. "ನೀವು ಕೊಟ್ರೆ ಆಮೇಲೆ ನೀವೂ ಒಂದ್ ಮಾತೇಳ್ಬೇಕು ಅನ್ನುಸ್ತದೆ."

ಅವನು ಒಬ್ಬನೇ ಮೈಸೂರಿಗೆ ಹೋದ. ಕಂದು ಗಿಟಾರು ಮಾರಾಟವಾಗಿತ್ತಂತೆ. ಇದ್ದಿದ್ದರೂ ಈಗ ಅದಕ್ಕೆ ಹಣ ಸಾಲುತ್ತಿರಲಿಲ್ಲ. ಮೂರು ಸಲ ಹೋಗಿ, ಮೂರನೆಯ ಸಲ ಯಾರೋ ಬಳಸಿ ಮಾರಿದ ಒಂದು ಕಪ್ಪು ಗಿಟಾರನ್ನು ತಂದ. ಮೈತುಂಬ ಗೀರು, ಒಂದು ಗುಂಡಿಯ ಬದಲು ಬೇರೆ ಬಣ್ಣದ ಗುಂಡಿ. ಬಸ್ ನಿಲ್ದಾಣದಲ್ಲಿ ಎದುರಾದಾಗ ನಾನು ಅದರ ಅಂದಚೆಂದದ ಬಗ್ಗೆ ಏನನ್ನೂ ಹೇಳದೆ, ಹೇಗೆ ಆರಿಸಿದೆ ಎಂದಷ್ಟೇ ಕೇಳಿದೆ.

ಅವನು ಗಿಟಾರನ್ನು ಚೀಲದಿಂದ ತೆಗೆದ. "ಕತ್ತು ನೆಟ್ಗದೆ, ನೋಡಿ. ಬಣ್ಣ ಓಗಿರದು ಮ್ಯಾಲೆ, ಒಳ್ಗಲ್ಲ. ಅಲ್ಲಾಡ್ಸೋ ಇಡ್ಕೆ ಇಲ್ಲ, ಅದ್ಕೆ ಶ್ರುತಿ ಇಳಿಯಾಕಿಲ್ಲ. ಅರ್ಧ ಗಂಟೆ ಬಾರ್ಸಿ, ಆಚೆ ಓಗಿ ಟೀ ಕುಡ್ದು, ಬಂದು ಮತ್ತೆ ಬಾರ್ಸಿ ನೋಡ್ದೆ, ಅಂಗೇ ಇತ್ತು. ತಂತಿ ಕೆಳ್ಗೆ ನಾದ ಇಡ್ಯೋ ಎರಡ್ ತರದ ಪಿಕಪ್ಪು ಅವೆ. ದೇವರ್ನಾಮಕ್ಕೆ ಇದು, ಸಿನ್ಮಾಕ್ಕೆ ಅದು." ಗಿಟಾರನ್ನು ಚೀಲಕ್ಕೆ ಸೇರಿಸುತ್ತಾ, ನನ್ನ ಕಡೆ ನೋಡದೆ ಅಂದ: "ಶಿವಲಿಂಗಯ್ಯನೋರತ್ರ ನಾಳೆ ಓಗ್ತೀನಿ. ನಿಮ್ಮೂರೇ ಅಲ್ವಾ, ಬನ್ನಿ ಬೇಕಾದ್ರೆ. ಒಳಿಕ್ ಮಾತ್ರ ಬರ್ಬ್ಯಾಡಿ."

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ, ಒಂದು ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಆರ್ಕೆಸ್ಟ್ರಾದವರ ಅಭ್ಯಾಸ. ನಾನು ಹೊರಗೆ ಕಲ್ಲುಜಗಲಿಯ ಮೇಲೆ ಕುಳಿತೆ. ಒಳಗಿನ ಮಾತು ಚೆನ್ನಾಗಿ ಕೇಳುತ್ತಿತ್ತು.

"ಇದೇನ್ಲಾ, ಕಾಗೆ ಇದ್ದಂಗದೆ!" ಎಂಬುದು ಶಿವಲಿಂಗಯ್ಯನವರ ದನಿ. "ಒಬ್ಬ ಉಡುಗ ಆಗ್ಲೇ ಬಂದ್ ಓದ. ಅವ್ನದು ಒಳ್ಳೇ ಮಿಂಚೋ ಗಿಟಾರು ಕಣ್ಲಾ."

"ಒಂದ್ಸಲ ಕೇಳ್ನೋಡಿ ಸಾ."

ಮೊದಲು ದೇವರನಾಮ. ದುಂಡನೆಯ ನಾದ, ನನ್ನ ತಾಯಿಯ ವೀಣೆಯಷ್ಟಲ್ಲ, ಆದರೆ ಅದರ ದಾಯಾದಿಯೆನ್ನಬಹುದಾದದ್ದು. ಬಳಿಕ ಭಾವಗೀತೆ. ಸ್ವಿಚ್ಚು ಸರಿದ ಸಣ್ಣ ಸದ್ದು. ಸಿನಿಮಾ ಹಾಡು ಗಡುಸಾಗಿ ಎದ್ದಾಗ ಒಳಗೆ ಡ್ರಮ್ಸಿನವನೂ ತಾನಾಗಿಯೇ ಸೇರಿಕೊಂಡ. ನಡುವೆ ಎಲ್ಲಿಯೂ ತಂತಿ ಬಿಗಿಯಲು ನಿಲ್ಲಿಸಲಿಲ್ಲ.

"ಯಾರ್ಲಾ ಆರ್ಸಿದ್ದು ಇದುನ್ನ?"

"ನಾನೇ."

ಆಮೇಲಿನ ಮಾತು ತಗ್ಗಿದ ದನಿಯಲ್ಲಿ ನಡೆಯಿತು. ಬಹಳ ಹೊತ್ತಾಯಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತು ಈ ಹುಡುಗ ಎಂಥವನು, ಇವನ ತಾಯಿ ಎಂಥವಳು ಎಂದು ಹೇಳಬೇಕೆಂಬ ಆಸೆ ನನ್ನ ನಾಲಗೆಯ ತುದಿಗೆ ಎರಡು ಬಾರಿ ಬಂತು. ಎರಡೂ ಬಾರಿ ಕುಳಿತೇ ಇದ್ದೆ.

ನಿಂಗರಾಜು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ.

"ಫೆಬ್ರವರೀಲಿ ನಾಗಮಂಗಲದಲ್ಲಿ ಒಂದ್ ಮದ್ವೆ ಅದಂತೆ. ಬಸ್ ಚಾರ್ಜು, ಊಟ, ಅಷ್ಟೇ. ಅದ್ರಲ್ಲಿ ನೋಡಿ ಮುಂದುಕ್ಕೆ ಏಳ್ತೀನಿ ಅಂದ್ರು. ಇನ್ನೊಬ್ಬ ಉಡುಗುಂಗೂ ಒಂದ್ ಮದ್ವೆ ಕೊಟ್ಟವ್ರೆ."

"ಎಲ್ಲಿ ನಿಲ್ಲಿಸುತ್ತಾರಂತೆ?" ಎಂದು ಕೇಳಿದೆ.

"ಮುಂದ್ಗಡೆ," ಎಂದ. "ಆಡ್ ಏಳೋರ ಎಡುಕ್ಕೆ."

ಪಾಂಡವಪುರದ ಬಸ್ಸು ಬಂದಿತ್ತು. ಗಿಟಾರನ್ನು ಎದೆಗೆ ಒತ್ತಿಕೊಂಡು ಅವನು ಓಡಿದ.